ಕೀಮೋ ಕೊಟ್ಟ ಗುಂಗುರು

“ಬೆನ್, ಈ ಗುಂಗುರು ಎಲ್ಲಿ ಮಾಡಿಸಿದ್ರಿ?” ಎಂದು ಸೂರತ್‌ನ ಪಾರ್ಲರಿನಲ್ಲಿ ಪಕ್ಕದ ಕುರ್ಚಿಯ ಮಹಿಳೆ, ಗುಜರಾತಿಯಲ್ಲಿ ಅಕ್ಕ ಎಂದು ಕರೆದು, ಹಿಂದಿಯಲ್ಲಿ ಕೇಳಿದರು. ಕೀಮೋ ಮುಗಿದ ಮೇಲೆ ನನಗೆ ಹುಟ್ಟಿದ್ದು ನರೆತ ಗುಂಗುರು ಕೂದಲು. ಡಾಕ್ಟರ್ ಒಪ್ಪಿದ್ದರಿಂದ ಮೊದಲ ಸಲ ಬಣ್ಣ ಹಾಕಿಸಲು ಬಂದಿದ್ದೆ.

“ಆಸ್ಪತ್ರೆಯಲ್ಲಿ. ಮೊದಲು ಪೂರ್ತಿ ಬೋಳು ಮಾಡ್ತಾರೆ, ಆಮೇಲೆ ಇದು ಫ್ರೀ,” ಎಂದೆ.

ಅವರು ನಗಲಿಲ್ಲ. ತಮಗೂ ಕೀಮೋ ಶುರುವಾಗಿದೆ ಎಂದರು; ಕೂದಲು ಉದುರುವ ಮುಂಚೆಯೇ ಜಡೆ ಕತ್ತರಿಸಿಕೊಳ್ಳಲು ಬಂದಿದ್ದರು. ನಾನು ತಲೆ ಬಗ್ಗಿಸಿ, “ಎಳೆದು ನೋಡಿ,” ಎಂದೆ. ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ ಎಳೆದರು.

“ಅಸಲಿನೇ,” ಎಂದು ನಕ್ಕು, ಪಾರ್ಲರಿನವಳಿಗೆ ಜಡೆ ಒಪ್ಪಿಸಿದರು.

ಕೂದಲ ಬಣ್ಣ ನೋಡಿ, ಶೂ ಪಾಲಿಶ್ ಹಚ್ಚಿದ ಹಾಗಿದೆ ಎಂದು ಮನೆಯಲ್ಲಿ ಗಂಡ ಛೇಡಿಸಿದರು. ಆ ಮಹಿಳೆ ಎಳೆದ ಜಾಗ ಸಂಜೆಯವರೆಗೂ ನೋಯುತ್ತಿತ್ತು. ಕಾಯಿಲೆ ಬಂದ ಮೇಲೆ ನಾನು ಖುಷಿಯಿಂದ ಪಟ್ಟ ಮೊದಲ ನೋವು ಅದು.