ದಂಡೆಯ ಕಳ್ಳದೀಪ

ಕೃಷ್ಣೆಯ ದಂಡೆಯ ನಮ್ಮ ತೋಟದ ವಸ್ತಿಗೆ ಸರಕಾರದ ದೊಡ್ಡ ಲೈನಿನ ಕರೆಂಟು ಬಂದೇ ಇರಲಿಲ್ಲ. ವಸ್ತಿಯವರೇ ಸೇರಿ ಸೋಲಾರ್ ಕೂಡಿಸಿ ನಮ್ಮದೇ ಒಂದು ಸಣ್ಣ ಲೈನು ಎಳೆದುಕೊಂಡಿದ್ದೆವು. ಹೊತ್ತು ಮುಳುಗಿದೊಡನೆ ಅದು ತಾನೇ ಹತ್ತುತ್ತಿತ್ತು. ಹಾಗಾಗಿ ಯಾರ ಮನೆಯಲ್ಲೂ ಸ್ವಿಚ್ ಬಂದ್ ಮಾಡುವ ರೂಢಿಯೇ ಇರಲಿಲ್ಲ. ದೀಪ ಬಂದಾಗ ಕೈ ಮುಗಿಯುವುದಷ್ಟೇ ನಮ್ಮ ಕೆಲಸ.

ಅವ್ವ ಕೈ ಮುಗಿಯುತ್ತಿದ್ದುದು ನದಿಗಿಳಿಯುವ ದಾರಿಯ ದೀಪಕ್ಕೆ. ಆ ಹೊತ್ತಿಗೆ ಅವಳು ನೀರಲ್ಲಿ ಬಿದ್ದುಕೊಂಡ ಎಮ್ಮೆಗಳನ್ನು ಕರೆತರಲು ಹೋಗಿರುತ್ತಿದ್ದಳು. ಬೆಳಕಿಗೆ ಎರಡು ಕೆಂಪು ಕಣ್ಣು ಹೊಳೆದರೆ ಮೊಸಳೆ. ಸುಮ್ಮನೆ ಹಿಂದಕ್ಕೆ ಬರಬೇಕು.

ಆಮೇಲೆ ದೊಡ್ಡ ಲೈನಿನ ಕಂಬಗಳು ಬಂದವು. ಕೆಲಸದವರು ಮನೆಗಳ ತಂತಿ, ದಂಡೆಯ ದೀಪದ ತಂತಿ ಎಲ್ಲ ಬಿಚ್ಚಿ ಹೊಸ ಲೈನಿಗೆ ಜೋಡಿಸಿ ಹೋದರು. ಕರೆಂಟು ಮಾತ್ರ ಬರಲಿಲ್ಲ. ಅದು ಬರುವತನಕ ಸಣ್ಣ ಲೈನನ್ನೇ ನಡೆಸಿಕೊಳ್ಳಬಹುದೇ ಎಂದು ಕೇಳಲು ಕರೆಂಟಿನ ಆಫೀಸಿಗೆ ಹೋದೆ.

"ಕಂಬ ಬಂತಂದ್ರ ರೂಲ್ ಪ್ರಕಾರ ಕರೆಂಟ್ ಬಂದಂಗರಿ. ಇನ್ನ ನಿಮ್ಮ ಲೈನ್ ನಡಸಾಕ ಬರೂದಿಲ್ರಿ," ಎಂದರು ಸಾಹೇಬರು, ಚಹಾ ತರಿಸಿ, ಬಹಳ ಮರ್ಯಾದೆಯಿಂದ. ನನಗೆ ಮೈ ಉರಿಯಿತು. ಆ ರೂಲಿನ ಬೆಳಕಲ್ಲಿ ಎಮ್ಮೆ ಹೊಡೆದುಕೊಂಡು ಬರಲು ಇವರೇ ಬರಲಿ ಅನ್ನಿಸಿತು.

ವಸ್ತಿಯಲ್ಲಿ ಸ್ವಿಚ್ಚುಗಳೆಲ್ಲ ಹಾಕಿದಂತೆಯೇ ಇದ್ದವು. ಹೊತ್ತು ಮುಳುಗಿದರೆ ಜನ ರೂಢಿಯಂತೆ ಹತ್ತದ ಬಲ್ಬಿಗೇ ಕೈ ಮುಗಿದು ಒಳಗೆ ಹೋಗುತ್ತಿದ್ದರು. ಎಮ್ಮೆಗಳು ಅವ್ವ ಕರೆದರೂ ದಂಡೆಯ ದೀಪದ ದಾರಿ ಹತ್ತದೆ, ಸುತ್ತು ಹಾಕಿ ಬರತೊಡಗಿದವು. ಅವಕ್ಕೇನು ತಿಳಿದಿತ್ತೋ.

ಒಂದು ಮುಸ್ಸಂಜೆ ನಾನು ಅಂಗಳದಲ್ಲಿದ್ದೆ, ಅವ್ವ ಎದುರಿಗೇ ದಂಡೆಯಲ್ಲಿದ್ದಳು. ಹೇಳದೆ ಕೇಳದೆ ಇಡೀ ವಸ್ತಿ ಒಮ್ಮೆಲೇ ಬೆಳಗಿತು. ದಂಡೆಯ ದೀಪವೂ ಹತ್ತಿತು. ಅವ್ವ ನದಿಗೆ ಬೆನ್ನು ಮಾಡಿ ಅದಕ್ಕೆ ಕೈ ಮುಗಿದಳು. ಅವಳ ಹಿಂದೆ, ನೀರಿನಲ್ಲಲ್ಲ, ದಾರಿಯ ಮೇಲೆಯೇ ಎರಡು ಕೆಂಪು ಕಣ್ಣು ಹೊಳೆದವು.

"ಯವ್ವಾ, ಹಿಂದ ನೋಡಬ್ಯಾಡ. ಸೀದಾ ನನ್ನ ಕಡೆ ಬಾ ಬೇ," ಎಂದು ಕೂಗಿದೆ.

ಅವಳು ಅರ್ಧ ದಾರಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಅವಳ ಬಳೆಯ ಸದ್ದು ಕೇಳುತ್ತಿತ್ತು. ಅದರ ಹಿಂದೆ ಮಣ್ಣಿನ ಮೇಲೆ ಏನೋ ಎಳೆದಂಥ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಅವಳ ಕೈ ನನ್ನ ಕೈಗೆ ಸಿಕ್ಕಿತು, ಒಳಗೆಳೆದುಕೊಂಡು ಬಾಗಿಲು ಹಾಕಿದೆ.

ಬೆಳಗ್ಗೆ ದಾರಿಯ ಪಕ್ಕದ ನಮ್ಮ ಕಬ್ಬಿನೊಳಗೆ ಹೊಕ್ಕು ನೋಡಿದೆ. ಮೊಸಳೆ ಹೊಟ್ಟೆ ಎಳೆದ ಜಾಡು ನಮ್ಮ ಕೊಟ್ಟಿಗೆಯ ಹಿಂದಿನ ಗೋಡೆಯ ತನಕ ಬಂದಿತ್ತು. ಬಹಳ ಸಲ ಓಡಾಡಿ ನುಣ್ಣಗಾಗಿತ್ತು.

ಅವತ್ತೇ ದಂಡೆಯ ದೀಪವನ್ನು ಮತ್ತೆ ಸಣ್ಣ ಲೈನಿಗೆ ಜೋಡಿಸಿದೆವು. ರೂಲ್ ಪ್ರಕಾರ ಅದೀಗ ಕಳ್ಳದೀಪ. ಅವ್ವ ಅದಕ್ಕೆ ದಿನವೂ ಕೈ ಮುಗಿಯುತ್ತಾಳೆ, ಆದರೆ ಮುಖ ಮಾತ್ರ ನದಿಯ ಕಡೆಗೇ ಇರುತ್ತದೆ.