ಲೊಚಗುಟ್ಟುವ ಇಂಡಿಕೇಟರ್

ನಮ್ಮ ಮನೆಯವರ ಹತ್ತಿರ ಒಂದು ಹಳೆಯ ಪಿಕಪ್ ಇತ್ತು. ಹನೂರಿನ ಕಡೆಯಿಂದ ರೇಷ್ಮೆಗೂಡು ತುಂಬಿಕೊಂಡು ಕೊಳ್ಳೇಗಾಲಕ್ಕೆ ಸಾಗಿಸುವುದು ಅವರ ಕೆಲಸ. ಆ ಗಾಡಿಯ ಇಂಡಿಕೇಟರ್ ಹಾಕಿದರೆ ಸಾಕು, ಮುಂದಿನ ತಗಡಿನೊಳಗಿಂದ ಲೊಚ್, ಲೊಚ್ ಎಂಬ ಸದ್ದು ಇಂಜಿನ್ನನ್ನೂ ಮೀರಿ ಕೇಳುತ್ತಿತ್ತು. ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು. ಇವರೋ, ದಾರಿಯಲ್ಲಿ ಒಂದು ಎಮ್ಮೆ ಮಾತ್ರ ಇದ್ದರೂ ಇಂಡಿಕೇಟರ್ ಹಾಕದೆ ತಿರುಗುವವರಲ್ಲ.

ನಾನು ಮಧುವನಹಳ್ಳಿಗೆ ಸೊಸೆಯಾಗಿ ಬರುವ ಹೊತ್ತಿಗೇ ನಮ್ಮತ್ತೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲೊಮ್ಮೆ ಕೊಳ್ಳೇಗಾಲದಲ್ಲಿ ಮೂರು ದಿನದ ಕಣ್ಣಿನ ಶಿಬಿರ ನಡೆಯಿತು. ಅವರನ್ನು ಆಪರೇಷನ್ನಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮೊದಲ ದಿನ ಅವರನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಹೊರಟೆವು. ಊರ ದಾರಿ ಬಿಟ್ಟು ದೊಡ್ಡ ರಸ್ತೆಗೆ ತಿರುಗುವಾಗ ಲೊಚ್, ಲೊಚ್. ಅತ್ತೆ ಅದನ್ನು ಹಲ್ಲಿ ಎಂದುಕೊಂಡರು. ಬೆರಳಿನಿಂದ ಎದುರಿನ ತಗಡು ಕುಟ್ಟಿ "ಕೃಷ್ಣ, ಕೃಷ್ಣ" ಎಂದರು.

"ಒಂಟಾಗ್ಲೇ ಲೊಚಗುಡ್ತಲ್ಲಾ! ಓಗದು ಬ್ಯಾಡ, ತಿರುಗ್ಸು ಗಾಡಿಯ."

"ಅವ್ವಾ, ಅದು ಗಾಡಿ ಸದ್ದು ಕಣವ್ವಾ," ಎಂದರು ಇವರು.

"ಕಣ್ ಕಾಣಲ್ಲ ಅಂತ ಕಿವಿನೂ ಕೇಳಲ್ವೇನ್ಲಾ ನಂಗೆ?"

ವಾಪಸ್ ಬಂದೆವು. ಎರಡನೆಯ ದಿನ ಇಂಡಿಕೇಟರ್ ಮುಟ್ಟುವುದಿಲ್ಲವೆಂದು ಇವರು ಆಣೆ ಮಾಡಿದರು. ತಿರುವು ಬರುತ್ತಲೇ ಆಣೆ ಮರೆತು ಕೈ ತಾನಾಗಿ ಹೋಯಿತು. ಅತ್ತೆ ಈ ಸಲ ಅಳತೊಡಗಿದರು, ಮತ್ತೆ ವಾಪಸ್. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ತಾಯಿಯ ಎದುರಿಗೇ ಗಂಡನನ್ನು ಬೈದದ್ದು ಅದೇ ಮೊದಲು.

ಉಳಿದದ್ದು ಒಂದೇ ದಿನ. ಮಧ್ಯಾಹ್ನ ಇವರು ಗಾಡಿಯೊಳಗೆ ಅಂಗಾತ ಮಲಗಿ ತಗಡಿನ ಕೆಳಗೆ ಕೈ ತೂರಿಸಿದರು. ಸದ್ದು ಮಾಡುತ್ತಿದ್ದದ್ದು ಒಂದು ಪುಟ್ಟ ಡಬ್ಬಿ. ಅದು ತಗಡಿಗೆ ಅಂಟಿಕೊಂಡಿದ್ದರಿಂದ ತಗಡೆಲ್ಲ ಮೊಳಗುತ್ತಿತ್ತು. ನಾನು ಸೈಕಲ್ ಟ್ಯೂಬಿನ ಚೂರು, ಹಳೆಯ ರವಿಕೆ ಬಟ್ಟೆ ತಂದುಕೊಟ್ಟೆ. ಡಬ್ಬಿಯನ್ನು ಕಿತ್ತು, ಎರಡನ್ನೂ ಅದಕ್ಕೆ ಸುತ್ತಿ, ತಗಡಿಗೆ ತಾಗದ ಹಾಗೆ ತೂಗುಬಿಟ್ಟರು. ಕಿವಿಯಿಟ್ಟು ಕೇಳಿದರೆ ಮಾತ್ರ ಕೇಳಿಸುತ್ತಿತ್ತು. ಅತ್ತೆಯ ನಂಬಿಕೆಗೆ ಮೋಸ ಮಾಡುತ್ತಿದ್ದೇವೆಂದು ನನಗೆ ಅನ್ನಿಸಿತು. ಆದರೂ ಬಿಚ್ಚಿ ಎನ್ನಲಿಲ್ಲ.

ಮೂರನೆಯ ದಿನ ತಿರುವಿನಲ್ಲಿ, ಉಳಿದ ಚೂರು ಸದ್ದೂ ಕೇಳದಿರಲೆಂದು ನಾನು ಸುಮ್ಮನೆ ಕೆಮ್ಮಿದೆ. ಗಾಡಿ ತಿರುಗಿತು. ಅತ್ತೆ ಕೊಳ್ಳೇಗಾಲ ಸೇರಿದರು.

ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಕೊಟ್ಟ ದಿನ ಅದೇ ಪಿಕಪ್ಪಿನಲ್ಲಿ ಕರೆತಂದೆವು. ದಾರಿಯುದ್ದಕ್ಕೂ ಅವರು ಹೊರಗೆ ನೋಡಿದ್ದೇ ನೋಡಿದ್ದು. ನಮ್ಮೂರ ತಿರುವಿನಲ್ಲಿ ತಟ್ಟನೆ ಮುಂದಕ್ಕೆ ಬಾಗಿದರು.

"ಅದೇನವ್ವಾ, ಇಲ್ಲಿ ಮಿಣಮಿಣ ಅಂತದೆ?"

ಸ್ಟೀರಿಂಗಿನ ಹತ್ತಿರ, ಇಂಡಿಕೇಟರಿನ ಜೊತೆಗೇ ಕಡಲೆಕಾಳಿನಷ್ಟು ಒಂದು ದೀಪ ಹತ್ತಿ ಆರುತ್ತಿತ್ತು. ಇವರು ಗಾಡಿ ನಿಲ್ಲಿಸಿಬಿಟ್ಟರು. ನಾನು ಸಂತೋಷದಲ್ಲಿ ಮುಚ್ಚಿಡಲಾಗದೆ ಹಲ್ಲಿಯ ವಿಷಯ, ಟ್ಯೂಬಿನ ವಿಷಯ ಎಲ್ಲವನ್ನೂ ಹೇಳಿಬಿಟ್ಟೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ.

ಅತ್ತೆ ಬೆರಳಿನಿಂದ ಆ ದೀಪವನ್ನು ಮುಟ್ಟಿ ನೋಡಿದರು. ಆಮೇಲೆ ಮಗನಿಗೆ ಹೇಳಿದರು:

"ಬಿಚ್ಲಾ ಅದ್ರ ಬಾಯ, ಲೊಚಗುಟ್ಕಳ್ಳಿ. ಈಗ ಕಾಣ್ತದಲ್ಲ, ನಂಗೇನ್ ಎದ್ರಿಕೆ?"