ಹಿಟ್ಟಿನೊಳಗಿನ ನೀಲಿ ದಾರ

ಸೇನೆಯ ಸ್ಫೋಟಕಗಳ ಬಗ್ಗೆ ಪುಸ್ತಕ ಬರೆದ ಪಂಡಿತರು ಹಲವರಿದ್ದಾರೆ. ಅವುಗಳನ್ನು ಕೈಯಲ್ಲೇ ಹಿಡಿದು ಮೂವತ್ತನಾಲ್ಕು ವರ್ಷ ಪಾಠ ಹೇಳಿ, ತಮ್ಮ ಹತ್ತು ಬೆರಳುಗಳನ್ನೂ ಶಿಷ್ಯರ ಬೆರಳುಗಳನ್ನೂ ಉಳಿಸಿಕೊಂಡು ನಿವೃತ್ತರಾಗುವವರು ವಿರಳ. ನಮ್ಮ ತರಬೇತಿ ಶಾಲೆಯ ಹಿರಿಯ ಬೋಧಕರು ಅಂಥ ವಿರಳರಲ್ಲಿ ಒಬ್ಬರು. ಕಚೇರಿಯ ಕಾಗದಗಳಲ್ಲಿ ಅವರಿಗೆ ಉದ್ದನೆಯ ಪದನಾಮವಿದೆ. ನಮಗೆ ಮಾತ್ರ ಅವರು ‘ಹಿಟ್ಟಿನ ಮೇಷ್ಟ್ರು’. ಈ ಅಡ್ಡಹೆಸರು ಅವರ ಕಿವಿಗೆ ಬಿದ್ದಿಲ್ಲವೆಂದೇ ನಾವು ನಂಬಿದ್ದೆವು. ಬೀಳ್ಕೊಡುಗೆಯ ದಿನ ಅವರು ನೆನಪಿನ ಪುಸ್ತಕಕ್ಕೆ ಅದೇ ಹೆಸರಿನಲ್ಲಿ ಸಹಿ ಮಾಡಿದಾಗ ನಮ್ಮ ಮುಖಗಳನ್ನು ನೋಡಬೇಕಿತ್ತು.

ಅಭ್ಯಾಸದ ಕೋಣೆಯ ಸಹಾಯಕಿಯಾಗಿ ನಾನು ಸೇರಿದಾಗ ಸ್ಫೋಟಕವೆಂಬ ಮಾತಿಗೇ ಬೆವರುತ್ತಿದ್ದೆ. ಅದನ್ನು ಕಂಡ ಮೇಷ್ಟ್ರು ಒಂದು ತಿಂಗಳು ನನ್ನನ್ನು ಉಗ್ರಾಣದ ಕಡೆಗೇ ಕಳಿಸಲಿಲ್ಲ. ಹಿಟ್ಟು, ಉಪ್ಪು, ಎಣ್ಣೆ ಕೊಟ್ಟು ನಾದಲು ಕೂರಿಸಿದರು. “ಕೈಯಿಂದ ಭಯ ಹೋಗ್ಬೇಕು, ಎಚ್ಚರ ಹೋಗಬಾರದು,” ಎಂದರು. ನಿಜದ ಸ್ಫೋಟಕದ ಬದಲು ಆ ಹಿಟ್ಟಿನ ಮುದ್ದೆಗಳೇ ನಮ್ಮ ಶಾಲೆಯ ಅಭ್ಯಾಸದ ಸಾಮಗ್ರಿ.

ಅವರ ಮೊದಲ ಪಾಠ ಇಂದಿಗೂ ಕಿವಿಯಲ್ಲಿದೆ. ಸಣ್ಣ ಕುಲುಕಾಟಕ್ಕೂ ಮುನಿಯುತ್ತಿದ್ದ ದ್ರವ ಸ್ಫೋಟಕಗಳ ಕಾಲದಿಂದ ಆರಂಭಿಸಿ, ಗಣಿಗಳಲ್ಲಿ ಬಳಕೆಗೆ ಬಂದ ಲೋಳೆಯಂಥವನ್ನು ದಾಟಿ, ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನಿಕರ ಚೀಲ ಸೇರಿದ, ಹಿಟ್ಟಿನಂತೆ ನಾದಬಹುದಾದ ಮೆತು ಸ್ಫೋಟಕದವರೆಗೆ ಅವರು ಕಥೆಯಂತೆ ಹೇಳುತ್ತಿದ್ದರು. ಹಿಂದಿನ ಒಂದು ಬಗೆಗೆ ಬಾದಾಮಿಯ ವಾಸನೆ ಇತ್ತಂತೆ, ಹಿಡಿದವರಿಗೆ ತಲೆನೋವು ಬರುತ್ತಿತ್ತಂತೆ. ಅನಂತರ ಬಂದವು ಇನ್ನೂ ಸಾಧು: ಬೇಕಾದ ಆಕಾರಕ್ಕೆ ಒಗ್ಗುತ್ತವೆ, ಒಣಗುವುದಿಲ್ಲ, ನೀರಿಗೆ ಹೆದರುವುದಿಲ್ಲ, ಕೈಜಾರಿ ಬಿದ್ದರೂ ಸಿಡಿಯುವುದಿಲ್ಲ, ಎಬ್ಬಿಸಲು ಬೇರೆಯದೇ ಸಾಧನ ಬೇಕು. ಆದರೆ ಬಾಯಿಗೆ ಹೋದರೆ ವಿಷ, ಬೆಂಕಿಗೆ ಬಿದ್ದರೆ ಉರಿ, ಕೆಟ್ಟವರ ಕೈ ಸೇರಿದರೆ ಗೋಳು. ವಾಸನೆಯೂ ಇಲ್ಲದ್ದರಿಂದ ನಾಯಿಗಳಿಗೂ ಪತ್ತೆಯಾಗದೆ ಲೋಕಕ್ಕೆ ತಲೆಬಿಸಿಯಾಗಿ, ಕೊನೆಗೆ ದೇಶಗಳು ಒಪ್ಪಂದ ಮಾಡಿಕೊಂಡು ಅದರೊಳಗೆ ಗುರುತಿನ ವಾಸನೆ ಸೇರಿಸಬೇಕಾಯಿತು. “ನಿಜದ್ದಕ್ಕೆ ಅವರು ವಾಸನೆ ಇಟ್ರು, ಸುಳ್ಳಿಗೆ ನಾನು ದಾರ ಇಟ್ಟೆ,” ಎಂದು ಮೇಷ್ಟ್ರು ಪಾಠ ಮುಗಿಸುತ್ತಿದ್ದರು.

ಆ ದಾರದ ಪದ್ಧತಿ ಅವರದೇ. ಕಣ್ಣಿಗೂ ಕೈಗೂ ನಿಜದ್ದರ ರೂಢಿಯಾಗಲೆಂದು ಹಿಟ್ಟಿನ ಮುದ್ದೆಗೆ ಬಣ್ಣ ಹಾಕುತ್ತಿರಲಿಲ್ಲ. ಬದಲಿಗೆ ಪ್ರತಿಯೊಂದರ ಹೊಟ್ಟೆಯಲ್ಲಿ ಒಂದು ನೀಲಿ ದಾರ. ಮುರಿದಾಗ ದಾರ ಕಂಡರೆ ಹಿಟ್ಟು, ಕಾಣದಿದ್ದರೆ ಅದನ್ನು ಕೆಳಗಿಟ್ಟು ಅವರನ್ನು ಕರೆಯಬೇಕು.

ಎರಡನೆಯ ವರ್ಷದ ಒಂದು ಶನಿವಾರ ನಾನು ಮಾಡಬಾರದ್ದನ್ನು ಮಾಡಿದೆ. ಮೈದಾನದ ಪ್ರದರ್ಶನ ಮುಗಿದಿತ್ತು. ನಿಜದ ಮುದ್ದೆಯೊಂದು ಬಳಕೆಯಾಗದೆ ಉಳಿದಿತ್ತು. ಪಕ್ಕದಲ್ಲೇ ಹಿಟ್ಟಿನವೂ ಇದ್ದವು, ಎಲ್ಲಕ್ಕೂ ಒಂದೇ ಬಗೆಯ ಕಾಗದ. ಮುರಿದು ನೋಡುವ ಗೋಜಿಗೆ ಹೋಗದೆ ಅವಸರದಲ್ಲಿ ಸುತ್ತಿ, ನಿಜದ್ದೆಂದುಕೊಂಡು ಒಂದನ್ನು ಉಗ್ರಾಣದ ಪೆಟ್ಟಿಗೆಗೆ ಹಾಕಿದೆ, ಉಳಿದವನ್ನು ಮನೆ ಅಭ್ಯಾಸಕ್ಕೆಂದು ಶಿಷ್ಯರಿಗೆ ಹಂಚಿದೆ. ಲೆಕ್ಕ ಸರಿಯಾಗಿತ್ತು. ಸಂಜೆ ಬೀಗ ಹಾಕುವ ಮುನ್ನ, ಮರಳಿ ಬಂದ ಮುದ್ದೆಯನ್ನು ಮೇಷ್ಟ್ರು ತಮ್ಮ ರೂಢಿಯಂತೆ ಮುರಿದರು. ಒಳಗೆ ನೀಲಿ ದಾರವಿತ್ತು.

ಅವರು ಕೂಗಾಡಲಿಲ್ಲ. “ದಾರ ಇಲ್ಲಿದೆ ಅಂದ್ರೆ, ದಾರ ಇಲ್ಲದ್ದು ಎಲ್ಲಿದೆ?” ಎಂದಷ್ಟೇ ಕೇಳಿದರು.

ಮೇಲಧಿಕಾರಿಗೆ ಅಲ್ಲಿಂದಲೇ ಫೋನಿನಲ್ಲಿ ತಿಳಿಸಿ ಹೊರಟೆವು. ವಸತಿಗೃಹದಲ್ಲಿದ್ದ ಆರು ಮಂದಿಯ ಮುದ್ದೆಗಳಲ್ಲೂ ದಾರ ಸಿಕ್ಕಿತು. ಏಳನೆಯವನು ನಾಲ್ಕು ವರ್ಷದ ಮಗಳ ತಂದೆ, ಆಗಲೇ ಮನೆಗೆ ಹೋಗಿದ್ದ. ಜೀಪಿನಲ್ಲಿ ಕೂತಷ್ಟು ಹೊತ್ತೂ ನನಗೆ ನೆನಪಾಗುತ್ತಿದ್ದದ್ದು ಒಂದೇ: ಬಾಯಿಗೆ ಹೋದರೆ ವಿಷ. ಆ ಮನೆ ತಲುಪಿದಾಗ ಮಗು ಮುದ್ದೆಯಿಂದ ಆನೆ ಮಾಡಿ ಕೂತಿತ್ತು. ಮೇಷ್ಟ್ರು ನೆಲದ ಮೇಲೆ ಅದರ ಎದುರು ಕುಳಿತರು.

“ನಿನ್ನ ಆನೆ ಏನು ತಿಂದಿದೆ, ನೋಡೋಣ್ವಾ ಪುಟ್ಟಾ?”

“ನೋಡಿ ಅಜ್ಜ. ಆದ್ರೆ ಆಮೇಲೆ ಸರಿ ಮಾಡ್ಕೊಡ್ಬೇಕು.”

ಆನೆಯ ಹೊಟ್ಟೆಯಿಂದ ನೀಲಿ ದಾರ ಬಂತು. ನಾನು ಗೋಡೆಗೊರಗಿ ಅತ್ತುಬಿಟ್ಟೆ. ಮೇಷ್ಟ್ರು ಕೊಟ್ಟ ಮಾತಿನಂತೆ ಸೊಂಡಿಲು ಸಹಿತ ಆನೆಯನ್ನು ಮತ್ತೆ ಮಾಡಿಕೊಟ್ಟೇ ಎದ್ದರು.

“ಏಳೂ ಆಯ್ತು. ಹಂಚಿದ್ದು ಎಷ್ಟು?”

ಆಗ ನೆನಪಾಯಿತು. “ಎಂಟು, ಮೇಷ್ಟ್ರೇ. ಒಂದು... ಮಧ್ಯಾಹ್ನ ಊಟಕ್ಕೆ ಹೋದಾಗ ನಾನೇ ಮನೆಗೆ ಒಯ್ದೆ.”

ನಮ್ಮ ಅಡುಗೆಮನೆಯ ಕಿಟಕಿಯ ಗಾಜು ಸದಾ ಗಡಗಡ ಎನ್ನುತ್ತಿತ್ತು. ಅದರ ಸಂದಿಗೆ ಮೆತ್ತಲು ಅಮ್ಮನಿಗೆ ಆಗಾಗ ಹಿಟ್ಟಿನ ಮುದ್ದೆ ಒಯ್ದು ಕೊಡುತ್ತಿದ್ದೆ. ನಾವು ಒಳಗೆ ಹೋದಾಗ ಅಮ್ಮ ಖುಷಿಯಲ್ಲಿದ್ದಳು. “ಈ ಸಲದ್ದು ಚೆನ್ನಾಗಿದೆ ಕಣೇ! ಮೆತ್ತಿ ಇಷ್ಟು ಹೊತ್ತಾದ್ರೂ ಒಣಗಿಲ್ಲ, ಬಿರುಕೂ ಬಿಟ್ಟಿಲ್ಲ.”

“ಅದರ ಗುಣಾನೇ ಅದು ತಾಯಿ,” ಎಂದು ಮೇಷ್ಟ್ರು ಒಲೆ ಆರಿಸಿ, ನಮ್ಮಿಬ್ಬರನ್ನೂ ಹೊರಗೆ ಕಳಿಸಿ, ಚೂರೂ ಬಿಡದಂತೆ ತಾವೇ ಬಿಡಿಸಿಕೊಂಡು ಬಂದರು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮೇಲೆ ಮೆಟ್ಟಿಲ ಮೇಲೆ ಕೂತು ಒಂದು ಲೋಟ ನೀರು ಕೇಳಿದರು.

ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ನನ್ನ ತಪ್ಪನ್ನು ಮುಚ್ಚಿಡಲಿಲ್ಲ, ನನ್ನೊಬ್ಬಳ ತಲೆಗೂ ಕಟ್ಟಲಿಲ್ಲ. ವರದಿಯ ಮೊದಲ ಸಾಲು ಅವರದು: ‘ಮುದ್ದೆಗಳನ್ನು ಮನೆಗೆ ಒಯ್ಯಲು ಬಿಟ್ಟವನು ನಾನು.’ ಎರಡನೆಯದನ್ನು ನನ್ನಿಂದ ಬರೆಸಿದರು. ಆರು ತಿಂಗಳು ನನಗೆ ಉಗ್ರಾಣ ನಿಷಿದ್ಧವಾಯಿತು. ಆ ಆರು ತಿಂಗಳೂ ಅವರು ತಮ್ಮ ಬಿಡುವಿನಲ್ಲೆಲ್ಲ ನನ್ನ ಪಕ್ಕ ಕೂತು ಹಿಟ್ಟು ನಾದಿದರು. ಅಂದಿನಿಂದ ಮುದ್ದೆಗಳು ಶಾಲೆಯ ಹೊಸ್ತಿಲು ದಾಟಿಲ್ಲ, ದಾರ ತೋರಿಸದೆ ಯಾರ ಕೈಗೂ ಹೋಗಿಲ್ಲ. ಇಂದು ಆ ಉಗ್ರಾಣದ ಬೀಗದ ಕೈ ನನ್ನ ಬಳಿ ಇದೆ.

ಕಳೆದ ಭಾನುವಾರ ಮೇಷ್ಟ್ರು ನಮ್ಮ ಮನೆಗೆ ಬಂದಿದ್ದರು. ಕಿಟಕಿ ಮತ್ತೆ ಗಡಗಡ ಎನ್ನುತ್ತಿದೆಯೆಂದು ಅಮ್ಮ ಯಾವಾಗಲೋ ಅಂದದ್ದನ್ನು ನೆನಪಿಟ್ಟು, ತಮ್ಮ ಮನೆಯಲ್ಲೇ ನಾದಿದ ಮುದ್ದೆ ತಂದಿದ್ದರು. ಅಮ್ಮ ಕೈ ಚಾಚಿದಳು. ಅವರು ಕೊಡಲಿಲ್ಲ, ಮೊದಲು ಎರಡಾಗಿ ಮುರಿದು, ಬೆಳಕಿಗೆ ಹಿಡಿದು, ನೀಲಿ ದಾರ ತೋರಿಸಿದರು.

ಮೇಷ್ಟ್ರ ಆ ಕೈಗಳಿಗೆ ನೂರು ವರ್ಷ ಆಯಸ್ಸಿರಲಿ, ಮಾಡಲು ಕೆಲಸವೂ ಇರಲಿ. ಅಮ್ಮ ಸಂದಿಗೆ ಹಿಟ್ಟು ಮೆತ್ತಿದಳು, ನಾನು ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟೆ.